ಗುತ್ಯಮ್ಮನ ಒರಳಿಗೆ ಬಿದ್ದ ನೀಲಿ ಏಡಿ

ಸಾಗರ, ೧೧-೧೨-೧೯೬೬, ಭಾನುವಾರ

ಹೊಸನಗರಕ್ಕೆ ಹೆಣ್ಣು ಕೇಳಲು ಹೋದವನು ಏಡಿ ತಿಂದು ಬಂದೆ.

ನನ್ನೂರು ಹೊನ್ನಾವರದಿಂದ ತರಿಸಿದ ನೀಲಿ ಏಡಿಗಳನ್ನು ಅವರ ಮನೆಗೆಂದು ಒಯ್ದಿದ್ದೆ. ಅಮಾವಾಸ್ಯೆ ಹತ್ತಿರ, ಮಾಂಸ ತುಂಬಿತ್ತು. ಹುಡುಗಿ ಪುಷ್ಪಳ ತಾಯಿ ಗುತ್ಯಮ್ಮ ಅವನ್ನು ಗದ್ದೆ ಏಡಿಯಂತೆ ಒರಳಲ್ಲಿ ಕುಟ್ಟಿ, ಸಾರಿಗೆ ರಸ ಹಿಂಡಿಕೊಂಡು, ಮಾಂಸವನ್ನೆಲ್ಲ ಕೋಳಿಗೆ ಚೆಲ್ಲಿಬಿಟ್ಟಳು.

"ಸಮುದ್ರದ ಏಡಿ ಹಿಂಗೆ ಕುಟ್ಟೂದಾ? ಕಾಡಿನವ್ರಿಗೆ ರುಚಿ ಎಂತ ಗೊತ್ತು!" ಎಂದು ನಕ್ಕೆ.

ಗುತ್ಯಮ್ಮನ ಮುಖ ಬಾಡಿತು. ನನಗೆ ಅಷ್ಟು ಸಾಲಲಿಲ್ಲ. ಬುಟ್ಟಿಯಲ್ಲಿ ಉಳಿದಿದ್ದ ಒಂದನ್ನು ನಾನೇ ಬೇಯಿಸಿ, ಅವರೆದುರೇ ಕೂತು, ಕಾಲು ಕಚ್ಚಿ ಒಡೆದು, ಎಳನೀರಿನ ಗಂಜಿಯಂಥ ಸಿಹಿ ಮಾಂಸವನ್ನು ನಿಧಾನವಾಗಿ ತಿಂದೆ. ಯಾರಿಗೂ ಕೊಡಲಿಲ್ಲ.

ಪುಷ್ಪ ಕೈತೊಳೆಯಲು ನೀರು ತಂದಳು. "ಒಬ್ರೇ ತಿನ್ನೋರಿಗೆ ಹೆಂಡ್ತಿ ಯಾಕೆ? ಬಸ್ಸಿಗೆ ಹೊತ್ತಾತು, ಹೊರಡಿ."

ಸೋಪು ಹಾಕಿ ತೊಳೆದರೂ ಬೆರಳಲ್ಲಿ ಇನ್ನೂ ಅದೇ ವಾಸನೆ. ಹಾಳಾದ್ದು, ಮತ್ತೆ ಹಸಿವಾಗುತ್ತಿದೆ.