ಅಪ್ಪನ ಗುಂಡಿನ ಅಚ್ಚು

ಅಕ್ಟೋಬರ್ 12, ಶನಿವಾರ. ಮೊಂಟಾನಾ.



ಸೀಸ ಕರಗಿಸಿ ಗುಂಡು ಎರೆಯಲು ಒಬ್ಬನಿಗೆ ಒಂದೇ ಅಚ್ಚು ಸಾಕೆಂದರೆ, ಗುರಿಹಲಗೆಗೂ ಬೇಟೆಗೂ ಆಗಿಬರುವುದು ಯಾವುದು? ನಮ್ಮ ಬಂದೂಕು ಕ್ಲಬ್ಬಿನ ಈ ಹಳೆಯ ಜಗಳ ಇವತ್ತು ತೀರಬೇಕಿತ್ತು. ಕಾರ್ಯದರ್ಶಿ ವಿಲ್ಮಾ ಎಲ್ಲರ ಗುಂಡುಗಳಿಗೂ ಒಂದೇ ಅಳತೆಯ ಮದ್ದು ತುಂಬಿ, ಹೆಸರಿಲ್ಲದ ಡಬ್ಬಿಗಳಲ್ಲಿಟ್ಟಿದ್ದಳು. ಅಪ್ಪ ಬಿಟ್ಟುಹೋದ ಬಂದೂಕಿನಿಂದ ಎಲ್ಲವನ್ನೂ ನಾನೇ ಹೊಡೆದೆ.

ಮೂರನೇ ಡಬ್ಬಿಯ ಐದೂ ಗುಂಡುಗಳು ಒಂದು ನಾಣ್ಯ ಮುಚ್ಚುವಷ್ಟು ಹತ್ತಿರ ಬಿದ್ದವು. ನನ್ನವೇ ಇರಬೇಕು ಎಂದು ಬೀಗಿದೆ. ವಿಲ್ಮಾ ಡಬ್ಬಿಯ ಅಡಿಯಲ್ಲಿದ್ದ ಚೀಟಿ ತಿರುಗಿಸಿದಳು. ನನ್ನ ಹೆಂಡತಿಯ ತಮ್ಮ ಹಾರ್ಲನ್‌ನ ಹೆಸರಿತ್ತು.

ಅವನು ಚೀಲದಿಂದ ಅಚ್ಚು ತೆಗೆದ. ಮರದ ಹಿಡಿಯ ಮೇಲೆ ನಾನು ಹದಿನಾಲ್ಕನೇ ವಯಸ್ಸಿನಲ್ಲಿ ಸುಟ್ಟು ಕೊರೆದ ಗುರುತು. 1981ರ ಬೇಟೆಯಲ್ಲಿ ಎಲ್ಕ್ ಜಿಂಕೆಗೆ ಗುರಿ ತಪ್ಪಿದಾಗ, ಗುಜರಿ ಎಂದು ಅಪ್ಪನ ಮುಂದೆ ನಾನು ಎಸೆದ ಅಚ್ಚು.

"ಇದಕ್ಕೆ ಏನು ಮಾಡ್ದೆಯೋ?"

"ಏನೂ ಮಾಡಿಲ್ಲ ಭಾವ. ಈ ಬಂದೂಕಿನ ನಳಿಗೆ ಸವೆದು ಅಗಲ ಆಗಿದೆ. ನೀವು ಗುಂಡು ಎರೆಯೋ ಪುಸ್ತಕದ ಅಳತೆಗೆ ಗುಂಡನ್ನ ಒತ್ತಿ ಸಣ್ಣ ಮಾಡ್ತಿದ್ರಿ. ನಾನು ಅಚ್ಚಿಂದ ಬಿದ್ದ ಹಾಗೇ ಬಿಡ್ತೀನಿ. ನಿಮ್ಮಪ್ಪ ಹೇಳಿಕೊಟ್ಟಿದ್ದು."

"ನಂಗ್ಯಾಕೆ ಹೇಳ್ಲಿಲ್ಲ?"

ಹಾರ್ಲನ್ ಟೋಪಿ ಸರಿಮಾಡಿಕೊಂಡ. "ಹೇಳಿದ್ರಂತಲ್ಲ."

ಹೌದು, ಅಪ್ಪ ಹೇಳಿದ್ದ. ಕ್ಲಬ್ಬಿನ ಅದೇ ಮೇಜಿನ ಪಕ್ಕ ನಿಂತು ಹೇಳಿದ್ದ. ಓದಲು ಬಾರದವನಿಗೆ ಪುಸ್ತಕದ ಮಾತು ಯಾಕೆ ಎಂದು ನಾನೇ, ಎಲ್ಲರ ಎದುರಿಗೆ, ಅವನ ಬಾಯಿ ಮುಚ್ಚಿಸಿದ್ದೆ.