ತಿರುಗಿ ಬರಬಾರದ ಹಾಲು

೯-೧೧-೧೯೪೩, ಮಂಗಳವಾರ, ಬೆಳಿಗ್ಗೆ

ಆಕಳು ಚಂದ್ರಿ ಇಂದೂ ಒದೆಯಲಿಲ್ಲ. ಚರಿಗೆ ತುಂಬ ಹಾಲು. ಕೂಸು ಒಳಲೆಯಲ್ಲಿ ಎರಡು ಸಲ ಕುಡಿದು ಮಲಗಿತು.

ಇದನ್ನು ಹೆತ್ತು ತಂಗಿ ಸತ್ತು ಐದು ತಿಂಗಳು. ಇದರ ಅಪ್ಪ ಸೊಲ್ಲಾಪುರದಲ್ಲಿ ಇನ್ನೊಂದು ಮದುವೆಯಾದ. ನೋಡಲಿಕ್ಕೂ ಬರಲಿಲ್ಲ. ಬರದಿದ್ದರೇ ಒಳ್ಳೆಯದು. ಹನ್ನೆರಡಕ್ಕೆ ತಲೆ ಬೋಳಿಸಿಕೊಂಡು ತವರಿಗೆ ಬಂದವಳು ನಾನು. ಕೂಸು ಎಂಬುದು ನನಗೆ ಬೇರೆ ಯಾವ ದಾರಿಯಿಂದ ಬರಬೇಕಿತ್ತು?

ಎಮ್ಮೆಯ ಹಾಲು ಇದಕ್ಕೆ ಆಗಿಬರುವುದಿಲ್ಲ. ಒಮ್ಮೆ ಕೊಟ್ಟು ವಾಂತಿ, ಭೇದಿ... ಕೈಬಿಟ್ಟೇ ಹೋಗುತ್ತಿತ್ತು. ಹೊನವಾಡದಿಂದ ಚಂದ್ರಿಯನ್ನು ತಂದ ಮೇಲೆ ಕೆನ್ನೆ ತುಂಬಿವೆ.

ಅಪ್ಪನ ಕಾಲಿನ ಬಾವು ಮೇಲೇರಿದೆ. ಡಾಕ್ಟರು ಹಾರ್ಟ್ ವೀಕ್ ಎಂದರು. ಅಂದಿನಿಂದ ಒಂದೇ ಜಪ — ವೈತರಣಿ. ಸತ್ತವರು ದಾಟಬೇಕಾದ ಕೀವು-ರಕ್ತದ ಹೊಳೆ. ದಾನ ಕೊಟ್ಟ ಆಕಳ ಬಾಲ ಹಿಡಿದರೆ ದಡ ಸೇರಬಹುದಂತೆ.

೧೧-೧೧, ಗುರುವಾರ

ಗುಂಡಭಟ್ಟರು ಬಂದಿದ್ದರು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯವರು. ಒಳ್ಳೆಯ ಮನುಷ್ಯ, ಬೈಯಲೂ ಬರುವುದಿಲ್ಲ.

"ಆಕಳ ಬದಲಿ ರೊಕ್ಕಾ ಕೊಟ್ರೂ ನಡೀತದ ರಾಯರ. ಮನ್ಯಾಗ ಕೂಸದ."

"ರೊಕ್ಕದ ಬಾಲಾ ಹಿಡಕೊಂಡು ಹೊಳಿ ದಾಟಲಿಕ್ಕೆ ಆಗ್ತದೇನ್ರಿ?" — ಅಪ್ಪ.

ಬಾಗಿಲ ಮರೆಯಿಂದ ನಾನೆಂದೆ, "ಹಾಲು ಬತ್ತಿದ ಆಕಳಾ ಯಾವುದರೆ ಕೊಂಡು ಕೊಡ್ರಿ, ಅಪ್ಪಾ."

"ಬತ್ತಿದ್ದು ಕೊಟ್ರ ನಡುಹೊಳ್ಯಾಗ ಕೈ ಕೊಡ್ತದ. ಹಾಲು ಕೊಡೋದೇ ಆಗಬೇಕು. ಕರು ಸಹಿತ."

ಜನ್ಮವೆಲ್ಲ ಶಿರಸ್ತೇದಾರಿಕೆ ಮಾಡಿದವರು. ಯಮನ ಕಚೇರಿಯಲ್ಲೂ ಕಾಗದ ಪಕ್ಕಾ ಇರಬೇಕು.

೧೫-೧೧, ಸೋಮವಾರ

ಗುಂಡಭಟ್ಟರಿಗೆ ಕೊಟ್ಟಾಯಿತು. ಚಂದ್ರಿಗೆ ಅರಿಶಿನ, ಕುಂಕುಮ. ಬೆನ್ನ ಮೇಲೆ ಹೊಸ ರೇಷ್ಮೆ. ಯುದ್ಧದ ಕಾಲ, ಮನುಷ್ಯರಿಗೆ ಧೋತರ ಸಿಗುವುದಿಲ್ಲ.

ಅಪ್ಪ ಬಾಲ ಹಿಡಿದು ಮಂತ್ರ ಹೇಳುತ್ತಿದ್ದಂತೆ ಅದು ಸಗಣಿ ಹಾಕಿತು. ಅಪ್ಪನ ಮುಂಗೈ ತನಕ. ಎಲ್ಲರೂ "ಶುಭ, ಶುಭ" ಎಂದರು. ಒಳಗೆ ಕೂಸು ಅಳುತ್ತಿತ್ತು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ.

೨೨-೧೧, ಸೋಮವಾರ

ಅಪ್ಪನ ಬಾವು ಇಳಿಯಿತು! ಪಡಸಾಲೆಯಲ್ಲಿ ಕೂತು ಎರಡು ರೊಟ್ಟಿ ತಿಂದರು. ದಾನದ ಪುಣ್ಯವಂತೆ. ಡಾಕ್ಟರ ಔಷಧದ ಹೆಸರೇ ಇಲ್ಲ.

ಕೂಸಿಗೆ ಅಕ್ಕಿಯ ತಿಳಿ. ಎಮ್ಮೆ ಹಾಲಿಗೆ ನೀರು ಬೆರೆಸಿ ನೋಡಿದೆ — ಮತ್ತೆ ಭೇದಿ. ಜೋರಾಪುರ ಪೇಟೆಯಲ್ಲಿ ಕೇಳದ ಮನೆಯಿಲ್ಲ. ಆಕಳ ಹಾಲು ಯಾರಲ್ಲೂ ಹೆಚ್ಚಿಲ್ಲ. ಇನ್ನೊಂದು ಆಕಳು ಕೊಳ್ಳೋಣವೆಂದರೆ ದಾನದ ಖರ್ಚಿಗೇ ರೊಕ್ಕ ಮುಗಿದಿದೆ. ಪಕ್ಕದ ರಹಿಮಾಬಿ, "ಆಡಿನ ಹಾಲು ಒಯ್ರಿ ಬಾಯಿ, ಕೂಸಿಗೆಂಥಾ ಜಾತಿ?" ಎಂದಳು. ಅಪ್ಪ ಎರಡೂ ಕಿವಿ ಮುಚ್ಚಿಕೊಂಡರು.

೨೬-೧೧, ಶುಕ್ರವಾರ

ಭಟ್ಟರ ಹೆಂಡತಿ ಸಖೂಬಾಯಿ ಸೆರಗಿನ ಮರೆಯಲ್ಲಿ ತಂಬಿಗೆ ಹಾಲು ತಂದರು. ಚಂದ್ರಿಯದು. ಪಾಪ, ತಾವಾಗಿಯೇ. ಅಪ್ಪ ಬಾಗಿಲಲ್ಲೇ ತಡೆದರು.

"ದಾನಾ ಕೊಟ್ಟ ಆಕಳ ಹಾಲು ತಿರುಗಿ ಹೊಸ್ತಿಲಾ ದಾಟಿದ್ರ, ಕೊಟ್ಟದ್ದು ಕಸಗೊಂಡಂಗ. ಅಲ್ಲಿ ನನ್ನ ಕೈಯಾಗಿಂದ ಬಾಲಾ ಜಾರ್ತದ."

"ಕೂಸು ಸಾಯಾಕತ್ತದ ಅಪ್ಪಾ!"

"ಅದರ ಹಣೇಬರಹ."

ತಂಬಿಗೆ ಕಸಿದು ಹೊರಗಿನ ತುಳಸಿಗೆ ಸುರಿದರು. ಮೇಲೆ ಕೈ ಬೇರೆ ಮುಗಿದರು. ಥೂ! ಆ ಕೈ ರೊಟ್ಟಿ ಮುರಿಯುವುದನ್ನು ಕಂಡರೂ ಈಗ ಹೇಸಿಕೆ. ನಾನೇ ಬಡಿದ ರೊಟ್ಟಿ.

೩-೧೨, ಶುಕ್ರವಾರ

ಅಳುವುದಕ್ಕೂ ಕಸುವಿಲ್ಲ. ಬರೀ ಕುಂಯ್ ಎನ್ನುತ್ತದೆ. ಗುಡಿಯ ನೆಪ ಹೇಳಿ ಸಖೂಬಾಯಿಯ ಮನೆಗೆ ಒಯ್ದೆ. ಚಂದ್ರಿಯ ಪಕ್ಕದಲ್ಲೇ ಕೂತು ಕುಡಿಸಿದೆ. ಗಟಗಟ ಕುಡಿದು, ನಿದ್ದೆಹೋಯಿತು. ಎಷ್ಟು ದಿನದ ನಿದ್ದೆಯೋ.

ಸಖೂಬಾಯಿ ಎಂದರು — "ಹಾಲು ನಿಮ್ಮ ಮನಿಗೆ ಬರಬಾರದು, ಖರೆ. ಕೂಸು ನಮ್ಮ ಮನಿಗೆ ಬರಬಾರದಂತ ಯಾವ ಶಾಸ್ತ್ರದಾಗದ? ಬಿಟ್ಟು ಹೋಗು ಜಾನಕಿ. ನಮಗೂ ಮಕ್ಕಳಿಲ್ಲ."

ದಿನವೂ ಬಂದು ಕುಡಿಸಿ ಹೋಗಲೇ? ಹೊತ್ತು ಹೊತ್ತಿಗೆ ಬೇಕು ಅದಕ್ಕೆ. ನನ್ನಂಥವಳನ್ನು ದಿನಕ್ಕೊಮ್ಮೆ ಹೊರಗೆ ಬಿಟ್ಟರೇ ಹೆಚ್ಚು. ಬಿಟ್ಟು ಹೋದರೆ, ಮುಂದೆ ತಿರುಗಿ ಕೊಡುತ್ತಾರೆಯೇ? ಕೇಳಲಿಲ್ಲ. ಕೊಟ್ಟದ್ದನ್ನು ತಿರುಗಿ ಕೇಳಬಾರದು, ನಮ್ಮ ಮನೆಯದೇ ಪಾಠ.

ಎತ್ತಿಕೊಂಡು ಬಂದುಬಿಟ್ಟೆ. ಸ್ವಾರ್ಥ.

೫-೧೨, ರವಿವಾರ, ಸಂಜೆ

ಬಿಟ್ಟು ಬಂದೆ.

ನಿನ್ನೆಯೆಲ್ಲ ಕಣ್ಣೇ ತೆರೆಯಲಿಲ್ಲ ಅದು. ಇನ್ನು ತಡೆದರೆ ನಾನೂ ಅಪ್ಪನೂ ಒಂದೇ. ಸಖೂಬಾಯಿಯ ಮಡಿಲಿಗೆ ಹಾಕುವಾಗ ನನ್ನ ಸೆರಗು ಹಿಡಿದಿತ್ತು. ಬೆರಳು ಒಂದೊಂದೇ ಬಿಡಿಸಿದೆ.

ಅಪ್ಪನಿಗೆ ಹೇಳಿದೆ. ಬೈಯುತ್ತಾರೆ, ಇಲ್ಲವೇ ಕಣ್ಣೀರಾದರೂ ಹಾಕುತ್ತಾರೆ ಅಂದುಕೊಂಡಿದ್ದೆ. ಅಡಿಕೆ ಬಾಯಿಗೆ ಹಾಕಿಕೊಂಡು ಗೋಡೆಗೆ ಒರಗಿದರು.

"ಛಲೋ ಆತು. ಮನಿ ಎಷ್ಟು ಶಾಂತ ಆಗ್ಯದ ನೋಡು. ಇವತ್ತರೆ ನಿದ್ದಿ ಹತ್ತೀತು."

ಹೂಂ ಎಂದೆ. ಹಾಸಿಗೆ ಹಾಸಿ ಕೊಟ್ಟೆ. ಮಲಗಿದರು.

ಅದು ಏಳುವ ಹೊತ್ತು ಇದು. ಎದ್ದ ಕೂಡಲೇ ಮೊದಲು ನನ್ನ ಮುಖ ಹುಡುಕುತ್ತದೆ, ಆಮೇಲೆ ಹಾಲು. ಈಗ ಕಣ್ಣು ಬಿಟ್ಟಿರುತ್ತದೆ. ಅತ್ತಿತ್ತ ನೋಡಿ —