ಉಡಿಯಲ್ಲಿ ಹೋದ ಆಟದ ಪಾತ್ರೆಗಳು

ಸನ್ 1937. ಚೈತ್ರ ಶುದ್ಧ ಪಂಚಮಿ, ಶುಕ್ರವಾರ

ನೆನೆಹಾಕಿದ ಕಡಲೆ ಬಸಿದಾಯಿತು. ಮಾವಿನಕಾಯಿ ಕೋಸಂಬರಿಯೂ ಆಯಿತು. ಸಂಜೆ ಚೈತ್ರಗೌರಿಯ ಅರಿಶಿನ-ಕುಂಕುಮ. ಅತ್ತೆಯವರ ಆಟದ ಪಾತ್ರೆಗಳ ಪೆಟ್ಟಿಗೆ ಇಳಿಸಿದ್ದೇವೆ. ಬೆರಳುದ್ದದ ಕೊಡ, ಒರಳು, ಶ್ಯಾವಿಗೆ ಒತ್ತು, ಬೀಸುಕಲ್ಲು... ಕಾಶಿ, ಪಂಢರಪುರ, ಗೋಕಾಕ — ಹೋದಲ್ಲೆಲ್ಲ ಒಂದೊಂದು ಕೊಂಡು ತಂದಿದ್ದರು, ಪುಣ್ಯಾತ್ಗಿತ್ತಿ. ಸೊಸೆ ಇಂದೂ ಹುಣಸೆಹಣ್ಣು ಹಚ್ಚಿ ತಿಕ್ಕಿ ಬಂಗಾರ ಮಾಡಿದ್ದಾಳೆ. ಒಂದೊಂದನ್ನೂ ಸೆರಗಿನಲ್ಲಿ ಒರೆಸಿ ಗೌರಿಯ ಮುಂದೆ ಇಡುತ್ತಾಳೆ. ಅಷ್ಟು ಹೊತ್ತು ಬೇಕೇ?

ನನ್ನ ಮೊಣಕಾಲು ಕೈಬಿಟ್ಟವು. ಈ ಪೆಟ್ಟಿಗೆ ಮುಂದೆ ಯಾರಿಗೆ ಎಂಬುದನ್ನು ಈ ವರ್ಷ ಮುಗಿಸಬೇಕು.

ಅದೇ ದಿನ, ಹೆಂಗಸರು ಹೋದ ಮೇಲೆ

ಮುಗಿಸಿದೆ. ಬೆಳಗಾವಿಯಿಂದ ಮಗಳು ಗೋದಾ ಬಂದಿದ್ದಾಳೆ, ತನ್ನ ಇಬ್ಬರು ಹುಡುಗಿಯರ ಸಮೇತ. ಪಕ್ಕದ ಮನೆಯ ನರ್ಮದಾಬಾಯಿ ಕೇಳಿದಳು, "ಇಷ್ಟು ಛಂದ ಸಾಮಾನು, ಮುಂದ ಯಾರಿಗ್ರಿ?"

"ಗೋದಾಗ. ಕೂಸಿಲ್ಲದ ಮನ್ಯಾಗ ಇಟಗೊಂಡು ಏನು, ಹಲ್ಲಿಗೆ ಅಡಗಿ ಮಾಡಿ ಹಾಕೂದೇನು?" ಅಂದೆ.

ಎಲ್ಲರೂ ನಕ್ಕರು. ಇಂದೂ ಪಾನಕ ಹಂಚುತ್ತಿದ್ದಳು. ಹಂಚುತ್ತಲೇ ಇದ್ದಳು.

ಕುಂಕುಮ ಅಳಿಸಿದವಳು ನಾನು, ಉಡಿ ತುಂಬುವಂತಿಲ್ಲ. ಅದನ್ನೂ ಇಂದೂನಿಂದಲೇ ಮಾಡಿಸಿದೆ. ಗೋದಾ ಸೆರಗೊಡ್ಡಿದಳು. ಇಂದೂ ಅಕ್ಕಿ, ತೆಂಗಿನಕಾಯಿ ಹಾಕಿ, ಮೇಲೆ ಆ ಪುಟ್ಟ ಕೊಡ ಇಟ್ಟಳು. ಪೆಟ್ಟಿಗೆಯೆಲ್ಲ ಕೊಟ್ಟಂತಾಯಿತು. ಉಡಿಗೆ ಹಾಕಿದ್ದನ್ನು ತಿರುಗಿ ಕೇಳಬಾರದು, ಕೇಳಿದರೆ ಮಗಳ ಸೌಭಾಗ್ಯವನ್ನೇ ಕೇಳಿದಂತೆ. ಇನ್ನು ಯಾರೂ ತಕರಾರು ತೆಗೆಯುವಂತಿಲ್ಲ. ಭಲೆ ನಾನು.

ಚೈತ್ರ ಶುದ್ಧ ಅಷ್ಟಮಿ

ಗೋದಾ ಹೋದಳು. ಪೆಟ್ಟಿಗೆಗೆ ಹುಲ್ಲು ತುಂಬಿ ಕಟ್ಟಿದ್ದು ಇಂದೂ. ಟಾಂಗಾ ತಿರುವು ದಾಟುವವರೆಗೆ ಬಾಗಿಲಲ್ಲಿ ನಿಂತಿದ್ದಳು. ಮುಖ ಬಾಡಿತ್ತು. ಆಸೆಬುರುಕಿ ಎಂದುಕೊಂಡೆ.

ವೈಶಾಖ ಶುದ್ಧ ದಶಮಿ

ಮಗ ಅವಧೂತ ಕಚೇರಿಯಿಂದ ಬಂದವನು ಕೋಟೂ ತೆಗೆಯದೆ ಎದುರು ಕೂತ. "ಅವ್ವಾ, ಇಂದೂಗ ಮೂರು ತಿಂಗಳು ತುಂಬಿದವು. ಹಿಂದ ಎರಡು ಸಲ ಹೋತಲ್ಲ... ಮೂರು ತುಂಬೂತನಕ ಬಾಯಿ ಬಿಡಬಾರದಂತ ಸುಮ್ಮನಿದ್ವಿ."

ಅಂದರೆ ಉಡಿ ತುಂಬಿದ ದಿನವೂ ಅವಳ ಹೊಟ್ಟೆಯಲ್ಲಿ —

ಹಲ್ಲಿ ಅಂದೆನಲ್ಲ. ಹತ್ತು ಮಂದಿಯ ಎದುರು. ಆ ಎರಡು ಸಲ ಹೋದದ್ದು ನನಗೇನು ಗೊತ್ತಿರಲಿಲ್ಲವೇ? ಗೊತ್ತಿದ್ದೇ ಅಂದೆ.



ವೈಶಾಖ ಬಹುಳ ಪಂಚಮಿ

 

ಇವತ್ತು ಪೆಟ್ಟಿಗೆ ಕಟ್ಟಿದ ಮೂಲೆಯಲ್ಲಿ ಉಳಿದ ಹುಲ್ಲು ಗುಡಿಸುವಾಗ ಆಟದ ಬೀಸುಕಲ್ಲಿನ ಮೇಲಿನ ಹೋಳು ಸಿಕ್ಕಿತು. ಕಟ್ಟುವಾಗ ಜಾರಿ ಉಳಿದಿರಬೇಕು. ಒಯ್ದು ಇಂದೂ ಕೈಗೆ ಕೊಟ್ಟೆ. "ಇದಾದ್ರೂ ಇರಲಿ, ಇಟಗೋ" ಅಂದೆ. ಅದರಾಚೆ ಮಾತು ಹೊರಡಲಿಲ್ಲ. ಊರನ್ನೆಲ್ಲ ಕಡಿಯುವ ನಾಲಿಗೆ ಇದು!

ಅಂಗೈಯಲ್ಲಿ ಹೊರಳಿಸಿ ನೋಡಿದಳು. ತೂತಿನಲ್ಲಿ ಬೆರಳಾಡಿಸಿದಳು.

"ಬ್ಯಾಡ್ರಿ ಅತ್ಯಾ. ಉಡಿಯೊಳಗಿಂದದು. ಅಲ್ಲೆ ಕೆಳಗಿನ ಹೋಳು ಒಂದ ಏನು ಬೀಸೀತು? ಗೋದಕ್ಕನ ಹುಡುಗ್ಯಾರು ಅಳತಿರತಾವ, ಕಳಿಸಿಬಿಡೂಣು."

ತನ್ನ ಹಳೆಯ ಕುಪ್ಪಸದ ಅರಿವೆಯಲ್ಲಿ ಸುತ್ತಿ, ಗಂಟು ಹಾಕಿ, ನನ್ನ ಕೈಗೇ ತಿರುಗಿ ಕೊಟ್ಟಳು. ಬಯ್ದಿದ್ದರೆ ಬದುಕುತ್ತಿದ್ದೆ.

ಅದೇ ದಿನ, ದೀಪ ಹಚ್ಚಿದ ಮೇಲೆ

ಗೋದಾಗೆ ಕಾಗದ. ಅವಧೂತನಿಂದ ಬರೆಸಲಾರೆ, ನನ್ನ ಸೊಟ್ಟ ಅಕ್ಷರವೇ ಸಾಕು. ಬರೆದು ಬರೆದು ಹರಿದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ —

ಚಿ. ಸೌ. ಗೋದಾವರಿಗೆ ಆಶೀರ್ವಾದ. ಬೀಸುಕಲ್ಲಿನ ಮೇಲಿನ ಹೋಳು ಇಲ್ಲೇ ಉಳಿದಿದೆ. ಉಡಿಗೆ ಹಾಕಿದ್ದನ್ನು ಹೆತ್ತವಳು ಕೇಳಬಾರದು. ಗೊತ್ತು. ಕೇಳುತ್ತಿದ್ದೇನೆ. ಕೆಳಗಿನ ಹೋಳು ಒಂದನ್ನಾದರೂ ಇಂದೂನ ಕೂಸಿಗೆ ತಿರುಗಿ ಕಳಿಸು.